ಬಿಸಿಲು ಕಲಿಸಿದ ಲೆಕ್ಕ

ಕಲಬುರಗಿಯ ಬಿಸಿಲನ್ನು ಹೊರಗಿನವರಿಗೆ ಬಣ್ಣಿಸಿ ಹೇಳುವುದು ಕಷ್ಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 42, 43 ಡಿಗ್ರಿಗೆ ಏರುವುದು ನಮಗೆ ಸುದ್ದಿಯೇ ಅಲ್ಲ. ಸರಕಾರವೂ ಇದನ್ನು ಬಲ್ಲದು. ಆದುದರಿಂದಲೇ ನಮ್ಮ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಬೇಸಿಗೆಯಲ್ಲಿ ಕಛೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರ ವರೆಗೆ ಎಂದು ಬದಲಿಸುವ ರೂಢಿ ಬಂದಿದೆ. ಇಂಥ ನಾಡಿನಲ್ಲಿಯೇ ಹುಟ್ಟಿ, ಇಲ್ಲಿಯೇ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನಾನು ಬಿಸಿಲಿನ ವಿಷಯದಲ್ಲಿ ತಪ್ಪಲಾರೆನೆಂದು ನಂಬಿದ್ದೆ. ಆ ನಂಬಿಕೆ ಹೇಗೆ ಮುರಿಯಿತೆಂಬುದನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇನೆ. ನನಗಾದುದು ಇನ್ನೊಂದು ಮನೆಗೆ ಆಗದಿರಲಿ ಎಂಬುದೊಂದೇ ಇದರ ಉದ್ದೇಶ.

2017ರ ಡಿಸೆಂಬರಿನಲ್ಲಿ ನಾವು ಮೊದಲ ಬಾರಿಗೆ ಒಂದು ಕಾರು ಕೊಂಡೆವು. ನಿವೃತ್ತಿಯ ಹಣದಲ್ಲಿ ಮನೆಯ ಸಾಲ ತೀರಿಸಿ ಉಳಿದುದರಲ್ಲಿ ಹೊಸ ಗಾಡಿ ಬರುವಂತಿರಲಿಲ್ಲ. ಏಳು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿಯೊಂದು ವ್ಯಾಪಾರಿಯೊಬ್ಬರ ಹತ್ತಿರ ಇತ್ತು. ಬಿಳಿಯ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಆಸನಗಳಿಗೆ ಹೊಸ ಹೊದಿಕೆ ಹಾಕಿದ್ದರು. ಚಳಿಗಾಲದ ಬೆಳಗಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿದೆವು. ಏಸಿ ಹಾಕಿದೊಡನೆ ತಣ್ಣಗಿನ ಗಾಳಿ ಬಂದಿತು. ಡಿಸೆಂಬರಿನ ಗಾಳಿ ತಾನೇ ತಣ್ಣಗಿರುವಾಗ ಯಂತ್ರದ ತಂಪು ಯಾವುದು, ಋತುವಿನ ತಂಪು ಯಾವುದು ಎಂಬ ವಿಚಾರ ನನಗೆ ಹೊಳೆಯಲಿಲ್ಲ. ಒಬ್ಬ ಮೆಕ್ಯಾನಿಕನನ್ನು ಕರೆದೊಯ್ಯೋಣವೆಂದು ಮಗ ಅಂದ. ಮುನ್ನೂರು ರೂಪಾಯಿ ಉಳಿಸುವ ಆಸೆಯಿಂದ ನಾನೇ ಬೇಡವೆಂದೆ.

ಮರುವರ್ಷ ಏಪ್ರಿಲ್ 18ರಂದು ಬಸವ ಜಯಂತಿ ಬಂದಿತು. ಆಗ ಎಪ್ಪತ್ತೆಂಟು ವರ್ಷದವರಾಗಿದ್ದ ನಮ್ಮ ಅವ್ವನವರಿಗೆ ಬಸವಕಲ್ಯಾಣಕ್ಕೆ ಹೋಗಿ ಬಸವಣ್ಣನವರ 108 ಅಡಿಯ ಮೂರ್ತಿಯನ್ನು ಕಣ್ತುಂಬ ನೋಡಬೇಕೆಂಬ ಹಂಬಲ ಬಹಳ ದಿನಗಳದು. ನಮ್ಮೂರಿನಿಂದ ಸುಮಾರು 80 ಕಿಲೋಮೀಟರು. ಹಿಂದಿನ ರಾತ್ರಿಯೇ ಅವ್ವ ಹೇಳಿದ್ದರು: "ತಮ್ಮಾ, ನಸಕಿನ್ಯಾಗ ಹೊಂಡೂಣು. ಬಿಸಲ ಏರೂದರೊಳಗ ಮುಟ್ಟೂಣು." ನಾನು ಹೂಂ ಎಂದೆ. ಆದರೆ ಬೆಳಿಗ್ಗೆ ಓಣಿಯ ಮೆರವಣಿಗೆಯಲ್ಲಿ ನಮ್ಮ ಗಾಡಿಯೂ ಹೂವಿನ ಮಾಲೆ ಹಾಕಿಕೊಂಡು ನಿಲ್ಲಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. ಕೊಂಡು ನಾಲ್ಕು ತಿಂಗಳಾಗಿದ್ದರೂ ಬಂಧುಗಳಿಗೆ ತೋರಿಸುವ ಸಡಗರ ಮುಗಿದಿರಲಿಲ್ಲ. ಪ್ರಸಾದ ಮುಗಿಸಿ ನಾವು ಹೊರಟಾಗ ಹನ್ನೆರಡೂವರೆ.

ಕಮಲಾಪುರ ದಾಟುವವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ಏರು ಹತ್ತುವಾಗ ಏಸಿಯಿಂದ ಬಿಸಿಗಾಳಿ ಬರತೊಡಗಿತು. ಮುಂದೆ ಲಾರಿಗಳ ಸಾಲು ನಿಂತಿತ್ತು, ನಾವೂ ನಿಲ್ಲಬೇಕಾಯಿತು. ನೋಡನೋಡುತ್ತಿದ್ದಂತೆ ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಮುಂಭಾಗದಿಂದ ಹಬೆ ಎದ್ದಿತು. ಗಾಡಿಯನ್ನು ದಂಡೆಗೆ ಒತ್ತಿ ನಿಲ್ಲಿಸಿ, ಮಗ ಮತ್ತು ನಾನು ಇಳಿದು ಬಾನೆಟ್ಟು ಎತ್ತಿ ನೋಡುತ್ತ ನಿಂತೆವು. ಯಂತ್ರದ ಚಿಂತೆಯಲ್ಲಿ ಒಳಗಿದ್ದವರನ್ನು ಮರೆತದ್ದು ನಮ್ಮ ಎರಡನೆಯ ತಪ್ಪು. ಬಿಸಿಲಿನಲ್ಲಿ ನಿಂತ, ಗಾಜು ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷಗಳಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ. ಸೊಸೆ ಗಾಜು ಇಳಿಸಿದ್ದಳಾದರೂ ಹೊರಗಿನ ಗಾಳಿಯೇ ಬೆಂಕಿಯಂತಿತ್ತು. ಅವಳು ಕೂಗಿದಾಗ ಓಡಿಹೋಗಿ ನೋಡಿದೆ. ಅವ್ವನ ಮುಖ ಕೆಂಪಗಾಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು, ಬೆವರೇ ಇರಲಿಲ್ಲ. ನನ್ನನ್ನು ನೋಡಿ, ತೀರಿಹೋಗಿ ಇಪ್ಪತ್ತು ವರ್ಷಗಳಾದ ನಮ್ಮ ಸೋದರಮಾವನ ಹೆಸರು ಹಿಡಿದು ಕರೆದರು.

ಆ ಕ್ಷಣವನ್ನು ನೆನೆದರೆ ಇಂದಿಗೂ ನನ್ನ ಕೈಕಾಲು ನಡುಗುತ್ತವೆ.

ರಸ್ತೆಯಿಂದ ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಒಂದು ರೈತ ಕುಟುಂಬವಿತ್ತು. ನಮ್ಮ ಕೂಗು ಕೇಳಿ ಓಡಿ ಬಂದ ಆ ಮನೆಯ ತಾಯಿ ಏನನ್ನೂ ಕೇಳಲಿಲ್ಲ. ಅವ್ವನನ್ನು ನೆರಳಿಗೆ ಎತ್ತಿಸಿ, ಗಡಿಗೆಯ ನೀರನ್ನು ಮೈಮೇಲೆ ಸುರಿದು, ಧೋತರವನ್ನು ತೊಯ್ಸಿ ಕುತ್ತಿಗೆಗೂ ಕಂಕುಳಿಗೂ ಇಟ್ಟು, ಸೆರಗಿನಿಂದ ಗಾಳಿ ಹಾಕತೊಡಗಿದಳು. ನಾನು ಬಾಟಲಿಯ ನೀರನ್ನು ಅವ್ವನ ಬಾಯಿಗೆ ಹಿಡಿಯಹೋದಾಗ ಕೈ ತಡೆದಳು: "ಈಗ ಕುಡಸಬ್ಯಾಡ್ರೀ ಯಣ್ಣಾ, ಖಬರ ಬರಲಿ. ನೆತ್ತಿ ಹತ್ತತೈತಿ." ಮಗ 108ಕ್ಕೆ ಫೋನು ಮಾಡಿದ. ಆಸ್ಪತ್ರೆ ಮುಟ್ಟಿದ ಮೇಲೆ ವೈದ್ಯರು ಹೇಳಿದ ಮಾತು ಇದು: ಬಿಸಿಲಿನ ಹೊಡೆತದಲ್ಲಿ ಮೈಯ ಉಷ್ಣತೆ 40 ಡಿಗ್ರಿ ಮೀರಿ ಮಾತು ತಪ್ಪುತ್ತದೆ; ಆಗ ಮೊದಲು ಮಾಡಬೇಕಾದುದು ಮೈ ತಂಪು ಮಾಡುವುದು, ಆ ಮೇಲೆ ಮಿಕ್ಕಿದ್ದೆಲ್ಲ. ಆ ತಾಯಿ ಅದನ್ನೇ ಮಾಡಿದ್ದರಿಂದ ನಮ್ಮ ಅವ್ವ ಉಳಿದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬಸವಕಲ್ಯಾಣ ಮಾತ್ರ ದೂರವೇ ಉಳಿಯಿತು.

ವಾರದ ನಂತರ ಆ ಹೊಲದ ಮನೆಗೆ ಹೋಗಿ ಒಂದಿಷ್ಟು ಹಣ ಕೊಡಹೋದೆ. ಆ ತಾಯಿಯ ಯಜಮಾನರು ಕೈಮುಗಿದು, "ನೀರಿಗಿ ರೊಕ್ಕ ತಗೋತಾರೇನ್ರೀ ಸರ?" ಎಂದರು. ದಾಸೋಹದ ಮೇಲೆ ಎಷ್ಟೋ ಭಾಷಣ ಕೇಳಿದ್ದೆ, ನಾನೂ ಮಾಡಿದ್ದೆ. ಅದರ ಅರ್ಥ ಆ ಬೇವಿನ ನೆರಳಿನಲ್ಲಿ ತಿಳಿಯಿತು.

ಇನ್ನು ಗಾಡಿಯ ವಿಷಯ. ಅಂದು ಮುನ್ನೂರು ರೂಪಾಯಿಗೆ ಬೇಡವೆಂದಿದ್ದ ಮೆಕ್ಯಾನಿಕನ ಬಳಿಗೇ ಹೋದೆವು. ಅವನು ಬಿಚ್ಚಿ ತೋರಿಸಿ ತಿಳಿಹೇಳಿದ. ಕಾರಿನ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಕಂಡೆನ್ಸರ್ ಎಂಬ ಜಾಲರಿ, ಎಂಜಿನ್ನನ್ನು ತಣಿಸುವ ರೇಡಿಯೇಟರಿನ ಮುಂದೆಯೇ ಇರುತ್ತದೆ. ಗಾಡಿ ಓಡುವಾಗ ಎದುರುಗಾಳಿಯೇ ಎರಡನ್ನೂ ತಣಿಸುತ್ತದೆ. ನಿಂತಾಗ ಫ್ಯಾನು ತಿರುಗಲೇಬೇಕು. ನಮ್ಮ ಗಾಡಿಯಲ್ಲಿ ಆ ಫ್ಯಾನು ಸತ್ತಿತ್ತು. ರೇಡಿಯೇಟರು ಅರ್ಧ ಕಟ್ಟಿಕೊಂಡಿತ್ತು. ಏಸಿಯ ಅನಿಲ ಸಣ್ಣಗೆ ಸೋರುತ್ತಿದ್ದುದನ್ನು ಮುಚ್ಚಲು ಮಾರುವ ಮುಂಚೆ ತುಂಬಿ ಕೊಟ್ಟಿದ್ದರು. ಚಳಿಗಾಲ ಈ ಮೂರು ದೋಷಗಳನ್ನೂ ಮರೆಮಾಡಿತ್ತು. ಬಣ್ಣಕ್ಕೆ ಮರುಳಾದವನು ನಾನು. ತಪ್ಪನ್ನು ವ್ಯಾಪಾರಿಯೊಬ್ಬನ ಮೇಲೆ ಹೊರಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ದುರಸ್ತಿ ಮಾಡಿಸಿ ಇನ್ನಾರು ವರ್ಷ ಅದೇ ಗಾಡಿಯನ್ನು ಓಡಿಸಿದೆವು. 2024ರಲ್ಲಿ ಅದು ಹದಿನೈದು ವರ್ಷದ ನೋಂದಣಿಯ ಅವಧಿಗೆ ಹತ್ತಿರವಾದಾಗ ಮನೆಯಲ್ಲಿ ಮತ್ತೆ ಚರ್ಚೆ ಎದ್ದಿತು. "ಅಪ್ಪಾ, ಈ ಸಲ ಹೊಸಾದೇ ತಗೊಳ್ಳೂಣು. ಅಜ್ಜಿಗಿ ಆದದ್ದು ಮರತೀರೇನು?" ಎಂದ ಮಗ. ಅವನ ಮಾತಿನಲ್ಲಿ ಸತ್ಯವಿತ್ತು. ಹೊಸ ಗಾಡಿಗೆ ಕಂಪನಿಯ ವಾರಂಟಿ ಇರುತ್ತದೆ. ಹಿಂದಿನವರು ಹೇಗೆ ಓಡಿಸಿದರೋ ಎಂಬ ಸಂಶಯವಿಲ್ಲ. 2019ರ ಏಪ್ರಿಲ್ ನಂತರದ ಹೊಸ ಕಾರುಗಳಲ್ಲಿ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕು ಕಡ್ಡಾಯವಾಗಿದೆ. ನಮ್ಮ ಹಳೆಯ ಗಾಡಿಯಲ್ಲಿ ಅದು ಇರಲಿಲ್ಲ.

ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅವಳು ಕಾಗದ ಹಿಡಿದು ಕುಳಿತಳು. ಎಂಟು ಲಕ್ಷದ ಹೊಸ ಗಾಡಿಗೆ ಲಕ್ಷಕ್ಕೂ ಮಿಕ್ಕಿ ಜೀವಾವಧಿ ತೆರಿಗೆ, ಮೇಲೆ ವಿಮೆ. ಆರು ಲಕ್ಷ ಸಾಲ ಮಾಡಿ ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 12,455 ರೂಪಾಯಿ; ಬಡ್ಡಿಯೇ ಒಂದೂವರೆ ಲಕ್ಷಕ್ಕೆ ಸಮೀಪ. ಇತ್ತ ವಿಮೆಯ ಲೆಕ್ಕದಲ್ಲಿ ಗಾಡಿಯ ಬೆಲೆ ಒಂದು ವರ್ಷ ದಾಟಿದೊಡನೆ ಶೇಕಡಾ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50ರಷ್ಟು ಇಳಿಯುತ್ತದೆ. "ಮಾವಾರೇ, ಸಾಲ ತೀರೂದರಾಗ ಗಾಡಿ ಅರ್ಧಾ ಆಗಿರತೈತ್ರಿ," ಎಂದಳು. ಮೂರು ವರ್ಷದ, ಒಬ್ಬರೇ ಓಡಿಸಿದ, ನಮ್ಮ ರಾಜ್ಯದಲ್ಲಿಯೇ ನೋಂದಣಿಯಾದ ಗಾಡಿ ಸಿಕ್ಕರೆ ಆ ಇಳಿತದ ದೊಡ್ಡ ಪಾಲನ್ನು ಮೊದಲಿನವರೇ ಹೊತ್ತಿರುತ್ತಾರೆ. ಜೀವಾವಧಿ ತೆರಿಗೆಯೂ ಕಟ್ಟಿ ಆಗಿರುತ್ತದೆ. ಎಬಿಎಸ್ ಬ್ರೇಕೂ ಇರುತ್ತದೆ.

ದಿನವೂ ದೂರ ಓಡಾಡುವವರಿಗೆ, ಗಾಡಿಯನ್ನು ಪರೀಕ್ಷಿಸಿ ಕೊಡುವ ನಂಬಿಕೆಯ ಜನ ಇಲ್ಲದವರಿಗೆ, ಸಾಲವಿಲ್ಲದೆ ಕೊಳ್ಳಬಲ್ಲವರಿಗೆ ಹೊಸದೇ ಲೇಸು ಎಂದು ನಾನು ಒಪ್ಪುತ್ತೇನೆ. ನಮ್ಮದು ವಾರಕ್ಕೊಮ್ಮೆ ಊರಾಡುವ ಮನೆ. ನಾವು ಮತ್ತೆ ಹಳೆಯದನ್ನೇ ಆರಿಸಿದೆವು. ಆದರೆ ಈ ಸಲ ಕೊಳ್ಳುವ ರೀತಿ ಬೇರೆಯಾಗಿತ್ತು.

ಪರಿಚಿತರೊಬ್ಬರ ಗಾಡಿಯನ್ನು ಏಪ್ರಿಲಿನ ಮಧ್ಯಾಹ್ನ ಎರಡು ಗಂಟೆಗೆ ನೋಡಲು ಹೋದೆವು. ಒಂದು ತಾಸು ಬಿಸಿಲಿನಲ್ಲಿ ನಿಲ್ಲಿಸಿ, ಆ ಮೇಲೆ ಎಂಜಿನ್ ಚಾಲೂ ಮಾಡಿ, ಗಾಡಿ ನಿಂತಲ್ಲಿಯೇ ಏಸಿ ಪೂರ್ತಿ ಹಾಕಿ ಕಾಲು ತಾಸು ಕಾದೆವು. ಗಾಳಿ ತಣ್ಣಗೇ ಇತ್ತು, ಮುಳ್ಳು ನಡುವೆಯೇ ನಿಂತಿತ್ತು, ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಮೆಕ್ಯಾನಿಕ ಟೈರುಗಳ ಬದಿಯ ನಾಲ್ಕು ಅಂಕಿಗಳನ್ನು ಓದಿಸಿದ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬಿಸಿಲಿಗೆ ರಬ್ಬರು ಬೇಗ ಬಿರಿಯುವ ನಮ್ಮ ನಾಡಿನಲ್ಲಿ ಈ ಅಂಕಿಗಳನ್ನು ನೋಡದೆ ಗಾಡಿ ಕೊಳ್ಳಬಾರದು. ಸರ್ವೀಸಿನ ದಾಖಲೆ ನೋಡಿದೆವು. ಆರ್.ಸಿ. ಪುಸ್ತಕದಲ್ಲಿ ಸಾಲದ ಗುರುತು ಇಲ್ಲವೆಂದು ಖಚಿತ ಮಾಡಿಕೊಂಡು, ಫಾರಂ 29 ಮತ್ತು 30 ತುಂಬಿ ಆರ್.ಟಿ.ಓ. ಕಛೇರಿಯಲ್ಲಿ ಹೆಸರು ಬದಲಿಸಿದೆವು. ವಿಮೆಯನ್ನೂ ಹದಿನಾಲ್ಕು ದಿನಗಳೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ಬಂಧುಗಳ ಗಾಡಿ ಎಂಬ ಸಲಿಗೆಯಲ್ಲಿ ಹಲವರು ಇದನ್ನು ಮುಂದೂಡುತ್ತಾರೆ. ಅಪಘಾತವಾದ ದಿನ ಪಶ್ಚಾತ್ತಾಪ ಪಡುತ್ತಾರೆ.

ಹೊಸ ಗಾಡಿಗೆ ಹೋಗದೆ ಉಳಿದ ಹಣದಲ್ಲಿ ಮೊದಲು ಮಾಡಿದ ಕೆಲಸವೆಂದರೆ ಮಾಳಿಗೆಗೆ ಸುಣ್ಣ ಬಳಿಸಿದ್ದು, ಅವ್ವನ ಕೋಣೆಗೆ ಕೂಲರು ತಂದದ್ದು. ಬಿಳಿಯ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಮಧ್ಯಾಹ್ನ ಆ ಕೋಣೆಯಲ್ಲಿ ಈಗ ಕುಳಿತುಕೊಳ್ಳಬಹುದು. ಮನುಷ್ಯ ಕಾರಿನಲ್ಲಿ ಕಳೆಯುವುದು ವಾರಕ್ಕೆ ಒಂದೆರಡು ತಾಸು. ಮನೆಯಲ್ಲಿ ಕಳೆಯುವುದು ಇಡೀ ಬೇಸಿಗೆ. ಗಾಡಿಯ ತಂಪಿಗೆ ಲಕ್ಷ ಕೊಡುವ ನಾವು ಮುದುಕರ ಕೋಣೆಯ ತಂಪಿಗೆ ಸಾವಿರ ಕೊಡಲು ಹಿಂದೆಮುಂದೆ ನೋಡುತ್ತೇವೆ.

ನಮ್ಮ ಮನೆಯಲ್ಲಿ ಈಗ ಕೆಲವು ನೇಮಗಳಿವೆ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಪ್ರಯಾಣವಿಲ್ಲ; ಮುಹೂರ್ತ ಆ ಹೊತ್ತಿಗಿದ್ದರೆ ಹಿಂದಿನ ಸಂಜೆಯೇ ಹೋಗುವುದು. ಬಿಸಿಲಿನಲ್ಲಿ ನಿಂತ ಗಾಡಿಯ ಬಾಗಿಲುಗಳನ್ನೆಲ್ಲ ತೆರೆದು, ಒಳಗಿನ ಬಿಸಿ ಹೊರಹೋದ ಮೇಲೆಯೇ ಹತ್ತುವುದು. ಮಕ್ಕಳನ್ನಾಗಲಿ ಹಿರಿಯರನ್ನಾಗಲಿ "ಎರಡೇ ನಿಮಿಷ" ಎಂದು ಮುಚ್ಚಿದ ಕಾರಿನಲ್ಲಿ ಬಿಡದಿರುವುದು. ಗಡಿಗೆಯ ನೀರು, ನೀರುಮಜ್ಜಿಗೆ ಜೊತೆಗಿರುವುದು. ಒಂದು ಲೀಟರು ನೀರಿಗೆ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿದರೆ ದಾರಿಗೆ ಅದೇ ಜೀವಜಲ. ಎಂಜಿನ್ ಕಾದರೆ ಏಸಿ ನಿಲ್ಲಿಸಿ, ಮೊದಲು ಜನರನ್ನು ನೆರಳಿಗೆ ಇಳಿಸುವುದು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ಎಂದಿಗೂ ತೆರೆಯದಿರುವುದು.

2025ರ ಜನವರಿಯ ಒಂದು ನಸುಕಿನಲ್ಲಿ ಅವ್ವನನ್ನು ಕರೆದುಕೊಂಡು ಹೊರಟೆವು. ಕಮಲಾಪುರದ ಮುಂದಿನ ಆ ಬೇವಿನ ಮರದ ಹತ್ತಿರ ಗಾಡಿ ನಿಲ್ಲಿಸಿದೆವು. ಆ ತಾಯಿ ಅವ್ವನ ಗುರುತು ಹಿಡಿದು, ಕೈಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟಳು. ಬಿಸಿಲು ಏರುವ ಮುಂಚೆಯೇ ಕಲ್ಯಾಣ ಮುಟ್ಟಿದೆವು. ಮೂರ್ತಿಯನ್ನು ನೋಡುತ್ತ ಬಹಳ ಹೊತ್ತು ನಿಂತ ಅವ್ವ, ಮರಳಿ ಗಾಡಿ ಹತ್ತುವಾಗ ಕೇಳಿದರು: "ತಮ್ಮಾ, ಇದು ಹೊಸಾ ಗಾಡಿ ಏನೋ?" ಅಲ್ಲವೆಂದೆ. "ಆಗಲಿ ತಗೋ, ತಂಪಾಗಿ ತಂದು ಮುಟ್ಟಿಸಿತು," ಎಂದರು.

ಬಂಧುಗಳೇ, ಗಾಡಿ ಹೊಸದಿರಲಿ, ಹಳೆಯದಿರಲಿ, ಅದು ನಿಮ್ಮ ಶಕ್ತಿಗೆ ತಕ್ಕುದಾಗಿರಲಿ. ಕೊಳ್ಳುವ ಮುಂಚೆ ಬಿಸಿಲಿನಲ್ಲಿ ಒರೆಗೆ ಹಚ್ಚಿರಿ. ಹೊರಡುವ ಹೊತ್ತನ್ನು ಮನೆಯ ಹಿರಿಯರನ್ನು ಕೇಳಿ ಗೊತ್ತುಮಾಡಿರಿ. ಈ ಬೇಸಿಗೆಯಲ್ಲಿ ನಿಮ್ಮ ಬಾಗಿಲ ಮುಂದೆ ಒಂದು ಗಡಿಗೆ ನೀರಿಡಿರಿ. ದಾರಿಯಲ್ಲಿ ಬಿಸಿಲಿಗೆ ಸೋತವರು ಯಾರ ಮನೆಯ ಅವ್ವನೋ, ಯಾರ ಮನೆಯ ಅಪ್ಪನೋ ಆಗಿರುತ್ತಾರೆ.