ಅಸ್ನಿಯ ಹೆಣ್ಮಕ್ಕಳ ಮನೆ

ಮೊರೊಕ್ಕೊದ ಮರ್ರಾಕೆಶ್ ಪಟ್ಟಣದಿಂದ ದಕ್ಷಿಣಕ್ಕೆ ಅಸ್ನಿ ಎಂಬ ಊರಿಗೆ 50 ಕಿ.ಮೀ.ಗೂ ಕಡಿಮೆ ದಾರಿ. ಅಲ್ಲಿಗೆ ಹೋಗುವ ಬಾಡಿಗೆ ಕಾರುಗಳು ಆರು ಮಂದಿ ತುಂಬುವ ತನಕ ಹೊರಡುವುದಿಲ್ಲ, ನಮ್ಮ ಕಡೆಯ ಸರ್ವಿಸ್ ಜೀಪಿನಂತೆಯೇ. ಬಯಲು ಮುಗಿದೊಡನೆ ಕೆಂಪು ಮಣ್ಣಿನ ಬೆಟ್ಟಗಳು, ಅವುಗಳ ಹಿಂದೆ ಹಿಮ ಹೊತ್ತ ಅಟ್ಲಾಸ್ ಪರ್ವತ ಶ್ರೇಣಿ. ಅದರ ಅತಿ ಎತ್ತರದ ಶಿಖರ ತುಬ್ಕಾಲ್ 4,167 ಮೀಟರ್. ಬೆಟ್ಟದ ಮಣ್ಣಿನಿಂದಲೇ ಕಟ್ಟಿದ ಮನೆಗಳು ಬೆಟ್ಟದಿಂದ ಬೇರೆಯಾಗಿ ಕಾಣುವುದೇ ಇಲ್ಲ. ಬಟ್ಟೆ ಒಣಗಲು ಹಾಕಿದ್ದು ಕಂಡಾಗ ಮಾತ್ರ, ಓ, ಅಲ್ಲೊಂದು ಊರಿದೆ ಎಂದು ತಿಳಿಯುತ್ತದೆ.

2019ರ ಎಪ್ರಿಲ್‌ನಲ್ಲಿ ನಾನು ಕಾಸಾಬ್ಲಾಂಕಾದಲ್ಲಿ ಕೆಲಸಕ್ಕಿದ್ದ ತಮ್ಮನ ಮನೆಗೆ ಹೋಗಿದ್ದೆ. ಅವನ ಕಚೇರಿಯವರೊಬ್ಬರು ಅಸ್ನಿಯ ಒಂದು ವಿದ್ಯಾರ್ಥಿನಿ ನಿಲಯಕ್ಕೆ ತಿಂಗಳು ತಿಂಗಳು ಹಣ ಕೊಡುತ್ತಿದ್ದರು. "ಅಕ್ಕ, ನೀನು ಟೀಚರಲ್ಲವೇ, ಕೋಟೆ ಅರಮನೆಗಳಿಗಿಂತ ನಿನಗೆ ಅದೇ ಹಿಡಿಸಬಹುದು" ಎಂದ ತಮ್ಮ.

ನಾವು ತಲುಪಿದ್ದು ಶುಕ್ರವಾರ. ಜುಮಾ ಮುಗಿದಿತ್ತು. ದೊಡ್ಡ ಬೋಗುಣಿಯಲ್ಲಿ ಕುಸ್ಕುಸ್ ಇಟ್ಟು ಎಲ್ಲರೂ ಸುತ್ತ ಕುಳಿತಿದ್ದರು. ಗೋಧಿ ತರಿಯ ಆ ಅಡುಗೆಯ ಮೇಲೆ ಕುಂಬಳ, ಕ್ಯಾರೆಟ್, ಕಡಲೆ. ನಮಗೂ ಜಾಗ ಮಾಡಿಕೊಟ್ಟರು. ಹನ್ನೆರಡರಿಂದ ಹದಿನೆಂಟರ ಪ್ರಾಯದ ಹುಡುಗಿಯರು. ಅವರ ಮೇಲ್ವಿಚಾರಕಿ ಅದೇ ಕಣಿವೆಯ ಮಹಿಳೆ. ಅಡುಗೆಯವರೂ ಆ ಕಡೆಯವರೇ.

ಈ ಮನೆಗಳೇಕೆ ಬೇಕಾದವು ಎಂಬುದನ್ನು ಹೇಳಬೇಕು. ಸರಕಾರಿ ಶಾಲೆಗೆ ಫೀಸಿಲ್ಲ. ಆರು ವರ್ಷಗಳ ಪ್ರಾಥಮಿಕ ಶಿಕ್ಷಣ ಬೆಟ್ಟದೂರುಗಳಲ್ಲೇ ಸಿಗುತ್ತದೆ. ನಂತರದ ಮೂರು ವರ್ಷಗಳ ಮಾಧ್ಯಮಿಕ, ಅದರ ನಂತರದ ಮೂರು ವರ್ಷಗಳ ಪ್ರೌಢ ಶಿಕ್ಷಣಕ್ಕೆ ಅಸ್ನಿಯಂತಹ ಊರಿಗೇ ಇಳಿಯಬೇಕು. ಹುಡುಗನಾದರೆ ಯಾರದ್ದೋ ಮನೆಯಲ್ಲಿ ಉಳಿಯುತ್ತಾನೆ, ಲಾರಿ ಹತ್ತುತ್ತಾನೆ. ಹುಡುಗಿ? ಹನ್ನೆರಡನೇ ವಯಸ್ಸಿಗೆ ಅವಳ ಓದು ಮುಗಿಯಿತು. ತಂದೆ ತಾಯಿಗೆ ವಿದ್ಯೆ ಬೇಡವೆಂದಲ್ಲ, ಮಗಳು ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಇದನ್ನು ಮುಸ್ಲಿಮರ ಹಿಂದುಳಿದ ಮನೋಭಾವ ಎಂದು ಬರೆಯುವವರು ಆ ದಾರಿಯಲ್ಲಿ ಒಮ್ಮೆ ನಡೆದು ನೋಡಲಿ.

ಮೊರೊಕ್ಕೊದಲ್ಲಿ ಇಂತಹ ನಿಲಯಗಳನ್ನು 'ದಾರ್ ತಾಲಿಬಾ', ಅಂದರೆ ವಿದ್ಯಾರ್ಥಿನಿಯ ಮನೆ ಎನ್ನುತ್ತಾರೆ. ದೇಶದ ಹಲವೆಡೆ ಸ್ಥಳೀಯ ಸಂಘಗಳು ಇವನ್ನು ನಡೆಸುತ್ತವೆ. 'ಎಜುಕೇಶನ್ ಫಾರ್ ಆಲ್' ಎಂಬ ಸಂಸ್ಥೆ 2007ರಲ್ಲಿ ತನ್ನ ಮೊದಲ ಮನೆಯನ್ನು ತೆರೆದದ್ದು ಅಸ್ನಿಯಲ್ಲೇ. ಅದಕ್ಕೆ ಹೊರದೇಶಗಳ ದಾನಿಗಳಿಂದಲೂ ಹಣ ಬರುತ್ತದೆ.

ಸರಕಾರವೂ 2008ರಲ್ಲಿ 'ತೈಸೀರ್' ಎಂಬ ಯೋಜನೆಯನ್ನು ಪ್ರಯೋಗಕ್ಕಿಳಿಸಿತು. ಸುಲಭಗೊಳಿಸುವುದು ಎಂದು ಅದರರ್ಥ. ಪ್ರಾಥಮಿಕ ಶಾಲೆಯ ಒಂದೊಂದು ಮಗುವಿಗೆ ತಿಂಗಳಿಗೆ 60ರಿಂದ 100 ದಿರ್ಹಮ್. ಹಾಜರಿಯ ಷರತ್ತು ಹಾಕಿ ಕೆಲವರಿಗೆ, ಷರತ್ತಿಲ್ಲದೆ ಕೆಲವರಿಗೆ, ತಂದೆಯ ಕೈಗೆ ಕೆಲವೆಡೆ, ತಾಯಿಯ ಕೈಗೆ ಕೆಲವೆಡೆ ಕೊಟ್ಟು ನೋಡಿದರು. ಅದನ್ನು ಅಧ್ಯಯನ ಮಾಡಿದವರಲ್ಲಿ, ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಒಬ್ಬರು. ಹಣ ಮಗುವಿನ ಓದಿಗೆಂದು ಹೇಳಿ ಕೊಟ್ಟರೆ ಸಾಕು, ಷರತ್ತಿನಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ತಂದೆಗೆ ಕೊಟ್ಟರೂ ತಾಯಿಗೆ ಕೊಟ್ಟರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬಡವರನ್ನು ನಂಬಿ ಕೊಡಬಹುದು ಎಂದಾಯಿತು. ಆದರೆ 100 ದಿರ್ಹಮ್ ಹಾಸಿಗೆಯಾಗುವುದಿಲ್ಲ, ರಾತ್ರಿ ಬಾಗಿಲಿಗೆ ಚಿಲಕ ಹಾಕುವ ಹೆಂಗಸೂ ಆಗುವುದಿಲ್ಲ.

ಸಂಜೆ ಹುಡುಗಿಯರು ಊರಿಗೆ ಹೊರಟರು. ಒಬ್ಬಳ ತಾಯಿ ಕರೆದೊಯ್ಯಲು ಬಂದಿದ್ದರು. ನಾನು ಸಲಾಮ್ ಹೇಳಿ, ಮದ್ರಸದಲ್ಲಿ ಕಲಿತ ಅರಬಿಯಲ್ಲಿ ಕ್ಷೇಮ ವಿಚಾರಿಸಿದೆ. ಸಲಾಮಿಗೆ ಉತ್ತರ ಬಂತು, ಉಳಿದದ್ದು ಅವರಿಗೆ ಅರ್ಥವಾಗಲಿಲ್ಲ. ಆ ಬೆಟ್ಟದವರು ಅಮಾಝಿಗ್ ಜನ, ಮನೆಮಾತು ತಶಲ್ಹೀತ್. ಶಾಲೆಯದು ಅರಬಿ, ಮೇಲಿನ ತರಗತಿಗಳ ವಿಜ್ಞಾನಕ್ಕೆ ಫ್ರೆಂಚ್. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕೊನೆಗೆ ಮಗಳೇ ದುಭಾಷಿಯಾದಳು. ನನ್ನ ಪುಸ್ತಕದ ಅರಬಿ ಕೇಳಿ ಅವಳಿಗೆ ನಗು. "ನೀವು ನಮ್ಮ ಪಠ್ಯದಂತೆ ಮಾತನಾಡುತ್ತೀರಿ" ಎಂದಳು.

ಮಗಳನ್ನು ಕಳುಹಿಸಿ ಕಷ್ಟವಾಯಿತೇ ಎಂದು ಕೇಳಿದೆ. ತಾಯಿ ಉದ್ದಕ್ಕೆ ಮಾತನಾಡಿದರು. ಹುಡುಗಿ ತಲೆ ತಗ್ಗಿಸಿ, "ಮೊದಲು ನೀರು ನಾನು ತರುತ್ತಿದ್ದೆ, ಹಸುವಿನ ಹುಲ್ಲೂ ನಾನೇ. ಈಗ ಎರಡನ್ನೂ ಅಮ್ಮನೇ ಹೊರುತ್ತಾರೆ. ಬೆನ್ನು ನೋವು" ಎಂದಷ್ಟೇ ಹೇಳಿದಳು. ತಾಯಿ ಹೇಳಿದ್ದು ಇನ್ನೂ ಬಹಳವಿತ್ತು. ಉಳಿದದ್ದನ್ನು ಅವಳು ಅನುವಾದಿಸಲಿಲ್ಲ. ದಾನಿಗಳ ಲೆಕ್ಕದ ಪುಸ್ತಕದಲ್ಲಿ ಈ ತಾಯಿಯ ಪಾಲು ಬರೆಯಲು ಕಾಲಂ ಇರುವುದಿಲ್ಲ.

ಕ್ರಿ.ಶ. 859ರಲ್ಲಿ ಫೆಝ್ ನಗರದಲ್ಲಿ ತಂದೆಯ ಆಸ್ತಿಯಿಂದ ಖರವಿಯ್ಯೀನ್ ಮಸೀದಿ ಕಟ್ಟಿಸಿದರೆಂದು ಪರಂಪರೆ ಹೇಳುವ ಫಾತಿಮಾ ಅಲ್ ಫಿಹ್ರಿ ನಮ್ಮ ವೇದಿಕೆಗಳಲ್ಲಿ ಆಗಾಗ ಬರುತ್ತಾರೆ. ನಾನೂ ಅವರ ಹೆಸರು ಹೇಳಿ ಚಪ್ಪಾಳೆ ಪಡೆದಿದ್ದೇನೆ. ನಮ್ಮಲ್ಲಿ ಕಟ್ಟಡಕ್ಕೆ ಹಣ ಬರುತ್ತದೆ, ಅಂಕ ಪಡೆದವರಿಗೆ ಶಾಲು ಸ್ಮರಣಿಕೆಗೂ ಬರುತ್ತದೆ. ಪ್ರತಿ ತಿಂಗಳ ಗ್ಯಾಸ್, ತರಕಾರಿ, ಮೇಲ್ವಿಚಾರಕಿಯ ಸಂಬಳಕ್ಕೆ ಸದಕಾ ಕೇಳಿದರೆ ಮಾತ್ರ ಜನ ಗಡಿಯಾರ ನೋಡುತ್ತಾರೆ. ಅಸ್ನಿಯ ಆ ಮೇಲ್ವಿಚಾರಕಿಯೂ ಇದನ್ನೇ ಹೇಳಿದರು: ಹಾಸಿಗೆ ಕೊಡಿಸುವವರು ಸಿಗುತ್ತಾರೆ, ಮಾರ್ಚ್ ತಿಂಗಳ ಈರುಳ್ಳಿಗೆ ಯಾರೂ ಇರುವುದಿಲ್ಲ.

2023ರ ಸೆಪ್ಟೆಂಬರ್ 8ರ ರಾತ್ರಿ ಹನ್ನೊಂದು ಗಂಟೆಗೆ ಆ ಬೆಟ್ಟಗಳಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಸುಮಾರು 3,000 ಮಂದಿ ಮೃತಪಟ್ಟರು. ಮಣ್ಣಿನ ಊರುಗಳು ಮಣ್ಣಾದವು. 12ನೇ ಶತಮಾನದ ತಿನ್ಮಲ್ ಮಸೀದಿಯ ಬಹುಭಾಗ ಕುಸಿಯಿತು. ಶಾಲೆಗಳು ಬಿರುಕು ಬಿಟ್ಟಾಗ ಸಾವಿರಾರು ಮಕ್ಕಳನ್ನು ಮರ್ರಾಕೆಶಿಗೆ ಸಾಗಿಸಿ ಅಲ್ಲಿ ಪಾಠ ಮುಂದುವರಿಸಿದರು.

ಅಂದೂ ಶುಕ್ರವಾರವಾಗಿತ್ತು. ಸುದ್ದಿ ಕೇಳಿದೊಡನೆ ನಾನು ಎಣಿಸಿದ್ದು ವಾರವನ್ನೇ: ಶುಕ್ರವಾರ ಸಂಜೆ ಹುಡುಗಿಯರು ಊರಿಗೆ ಹೋಗುತ್ತಾರೆ. ನನ್ನ ದುಭಾಷಿಗೆ ಆಗ ಹದಿನೇಳು ಹದಿನೆಂಟು ಆಗಿರಬೇಕು. ತಮ್ಮ ಆ ವೇಳೆಗೆ ಮೊರೊಕ್ಕೊ ಬಿಟ್ಟಿದ್ದ. ನನ್ನ ಡೈರಿಯಲ್ಲಿ ಕುಸ್ಕುಸ್ ಮಾಡುವ ಕ್ರಮ ಇಡೀ ಪುಟ ಬರೆದಿದ್ದೆ. ಅವಳ ಊರಿನ ಹೆಸರು ಬರೆದುಕೊಂಡಿರಲಿಲ್ಲ.