ಓದಿಸುವ ಅಮ್ಮನ ಹೆಸರು

ಕಳೆದ ರಮಝಾನಿನಲ್ಲಿ ಹಾಲಾಡಿಯ ತವರುಮನೆಯಲ್ಲಿ ಹತ್ತು ದಿನ ಉಳಿಯುವ ಅವಕಾಶ ದೊರೆಯಿತು. ಕುಂದಾಪುರದ ಕಾಲೇಜಿನಲ್ಲಿ ಪದವಿ ಓದುತ್ತಿರುವ ತಂಗಿಯ ಮಗಳು ತರಾವೀಹ್ ಮುಗಿಸಿದೊಡನೆ ಲ್ಯಾಪ್‌ಟಾಪ್ ತೆರೆದು ಕುಳಿತುಕೊಳ್ಳುತ್ತಿದ್ದಳು. ಕೆಲವು ದಿನ ಸಹರಿಯ ಹೊತ್ತಿಗೂ ಅದರ ಬೆಳಕು ಆರಿರುತ್ತಿರಲಿಲ್ಲ. ಹಿರಿಯರ ಸ್ವಭಾವದಂತೆ ನಾನು ಮೊದಲು ತಪ್ಪನ್ನೇ ಭಾವಿಸಿದೆ. ವಿಚಾರಿಸಿದಾಗ ತಿಳಿದದ್ದು ಬೇರೆಯೇ. ಆಕೆ ಕನ್ನಡ ವಿಕಿಪೀಡಿಯಕ್ಕೆ ಮಹಿಳೆಯರ ಜೀವನಚರಿತ್ರೆಗಳನ್ನು ಬರೆಯುತ್ತಿದ್ದಳು. ಅದಕ್ಕೆ ಸಂಬಳವಿಲ್ಲ, ಲೇಖನದ ಕೆಳಗೆ ಬರೆದವರ ಹೆಸರೂ ಇಲ್ಲ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30,000ಕ್ಕೂ ಹೆಚ್ಚು ಲೇಖನಗಳಿವೆ. ಅವುಗಳಲ್ಲಿ ಹೆಚ್ಚಿನವು ಇಂತಹ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಬರೆದವು. ನಮ್ಮ ಕರಾವಳಿಯಲ್ಲಿಯೂ ಇಂತಹವರ ಬಳಗವಿದೆ. 2016ರಲ್ಲಿ ತುಳು ವಿಕಿಪೀಡಿಯ ಹೊರಬಂದುದು ಅವರಂಥವರ ದುಡಿಮೆಯಿಂದಲೇ. ಆ ವಿಶ್ವಕೋಶದಲ್ಲಿ ಲೇಖನವಿರುವ ಹೆಸರು ನೀಲಿ ಬಣ್ಣದಲ್ಲಿ ಕಾಣುತ್ತದೆ. ಯಾರೂ ಇನ್ನೂ ಬರೆಯದಿರುವ ಹೆಸರು ಕೆಂಪಗಿರುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೀಗೆ ಕೆಂಪಗೆ ಉಳಿದ ಮಹಿಳೆಯರ ಹೆಸರುಗಳನ್ನು ನೀಲಿಯಾಗಿಸಲು 2015ರಲ್ಲಿ ಕೆಲವರು ‘ವಿಮೆನ್ ಇನ್ ರೆಡ್’ ಎಂಬ ಪ್ರಯತ್ನವನ್ನು ಆರಂಭಿಸಿದರು. ಆಗ ಅಲ್ಲಿದ್ದ ಜೀವನಚರಿತ್ರೆಗಳಲ್ಲಿ ಮಹಿಳೆಯರವು ನೂರಕ್ಕೆ 15ರಿಂದ 16 ಮಾತ್ರ. ಸಾವಿರಾರು ಜನರು ಹತ್ತು ವರ್ಷ ಬರೆದ ಮೇಲೆ ಆ ಸಂಖ್ಯೆ 20ರ ಆಸುಪಾಸಿಗೆ ಬಂದಿದೆ.

“ನಮ್ಮ ಹಾಲಾಡಿಯಲ್ಲಿ ಬರೆಯಬಹುದಾದ ಹೆಂಗಸರು ಯಾರೂ ಇಲ್ಲವೇ ದೊಡ್ಡಮ್ಮ?” ಎಂದು ಆಕೆ ಕೇಳಿದಳು.

ನನಗೆ ಕ್ಷಣಮಾತ್ರವೂ ಯೋಚಿಸಬೇಕಾಗಲಿಲ್ಲ. 1970ರ ದಶಕದಲ್ಲಿ ನಾವು ಹೆಣ್ಣುಮಕ್ಕಳು ಅಲಿಫ್, ಬಾ, ತಾ ಕಲಿತದ್ದು ಹೊಳೆಯ ದಾರಿಯಲ್ಲಿದ್ದ ಒಂದು ಹುಲ್ಲಿನ ಮಾಡಿನ ಜಗಲಿಯಲ್ಲಿ. ಬೀಡಿ ಸುತ್ತುತ್ತಲೇ ಓದಿಸುತ್ತಿದ್ದ ಆ ತಾಯಿಯ ಕಣ್ಣು ಮೊರದಲ್ಲಿದ್ದ ಎಲೆಯ ಮೇಲಿರುತ್ತಿತ್ತು, ಕಿವಿ ನಮ್ಮ ನಾಲಗೆಯ ಮೇಲಿರುತ್ತಿತ್ತು. ‘ಹಾ’ ಎಂಬುದನ್ನು ಗಂಟಲಿನಿಂದ ಹೇಳದೆ ತುಟಿಯಲ್ಲಿ ತೇಲಿಸಿದರೆ ಬೀಡಿಯ ಕತ್ತರಿ ನಿಲ್ಲುತ್ತಿತ್ತು. ಅಷ್ಟೇ ಸಾಕು, ನಾವು ಮತ್ತೆ ಮೊದಲಿನಿಂದ ಓದುತ್ತಿದ್ದೆವು. ಮಳೆಗಾಲದಲ್ಲಿ ವಾರಾಹಿ ಉಕ್ಕಿ ಗದ್ದೆಯ ದಾರಿ ಮುಚ್ಚಿದರೆ ಆಕೆಯೇ ಗೊರಬು ಸೂಡಿಕೊಂಡು ಮನೆಮನೆಗೆ ಬರುತ್ತಿದ್ದರು. ಶುಲ್ಕವೆಂದು ಏನನ್ನೂ ಕೇಳಿದವರಲ್ಲ. ಖುರ್‌ಆನ್ ಮುಗಿಸಿದ ದಿನ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ. ನಾಲ್ಕು ದಶಕಗಳ ಕಾಲ ನಮ್ಮ ಊರಿನ ಹೆಣ್ಣುಮಕ್ಕಳ ನಾಲಗೆಯಲ್ಲಿ ಅಲ್ಲಾಹನ ವಚನವನ್ನು ಇರಿಸಿದವರು ಅವರೊಬ್ಬರೇ.

“ಹೆಸರು?” ಎಂದು ಕೇಳಿ ಆಕೆ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದಳು.

ನನಗೆ ಗೊತ್ತಿರಲಿಲ್ಲ. ನಾವು ‘ಓದಿಸುವ ಅಮ್ಮ’ ಎನ್ನುತ್ತಿದ್ದೆವು. ಅಡುಗೆಮನೆಯಲ್ಲಿದ್ದ ತಂಗಿಯನ್ನು ಕೇಳಿದೆ, ನೆರೆಮನೆಯ ಎಂಬತ್ತು ದಾಟಿದ ಅಜ್ಜಿಯನ್ನು ಕೇಳಿದೆ. ಅವರ ಗಂಡನ ಹೆಸರು, ಗಂಡನ ಅಣ್ಣನ ಹೆಸರು, ಗಂಡನ ಎತ್ತಿನ ಹೆಸರು ಕೂಡ ನೆನಪಿಗೆ ಬಂದವು. ಅವರ ಹೆಸರು ಬರಲಿಲ್ಲ.

ಹೆಸರು ಸಿಕ್ಕಿದ್ದರೂ ಲೇಖನವಾಗುತ್ತಿರಲಿಲ್ಲ ಎಂದು ಮಗು ನಿಧಾನವಾಗಿ ವಿವರಿಸಿದಳು. ವಿಶ್ವಕೋಶದ ನಿಯಮಗಳು ಕಠಿಣವಾಗಿವೆ. ಬರೆಯುವ ಪ್ರತಿಯೊಂದು ಸಂಗತಿಗೂ ಪ್ರಕಟಿತವಾದ, ವಿಶ್ವಾಸಾರ್ಹವಾದ ಆಧಾರ ಬೇಕು. ತಾನೇ ಕಂಡದ್ದು, ಕೇಳಿದ್ದು ಆಧಾರವಾಗದು. ವ್ಯಕ್ತಿಯ ಕುರಿತು ಸಂಬಂಧವಿಲ್ಲದವರು ಬರೆದಿರಬೇಕು. ತನ್ನ ಮನೆಯವರ ಬಗ್ಗೆ ತಾನೇ ಬರೆಯುವುದನ್ನು ಅಲ್ಲಿ ಮೆಚ್ಚುವುದಿಲ್ಲ. ಈ ನಿಯಮಕ್ಕೆ ದೊಡ್ಡವರೂ ಸಿಲುಕಿದ್ದಾರೆ. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ಭೌತವಿಜ್ಞಾನಿಯ ಕುರಿತ ಕರಡನ್ನು, ಆಧಾರಗಳು ಸಾಲವೆಂದು, 2018ರ ಮೇ ತಿಂಗಳಲ್ಲಿ ತಿರಸ್ಕರಿಸಲಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಪ್ರಶಸ್ತಿಯನ್ನು ಹಂಚಿಕೊಂಡ ಪುರುಷ ಸಹೋದ್ಯೋಗಿಯ ಲೇಖನ ಅದಾಗಲೇ ಅಲ್ಲಿ ಇತ್ತು.

ನನಗೆ ಸಿಟ್ಟು ಬಂತೆಂಬುದನ್ನು ಒಪ್ಪಿಕೊಳ್ಳಬೇಕು. ಪತ್ರಿಕೆ ಬಾರದ ಊರಿನಲ್ಲಿ ಬಾಳಿದವಳಿಗೆ ಪತ್ರಿಕೆಯ ತುಣುಕು ತಾ ಎನ್ನುವುದು ಎಲ್ಲಿಯ ನ್ಯಾಯ? ಆದರೆ ರಾತ್ರಿ ಮಲಗಿದ ಮೇಲೆ ಆ ನಿಯಮ ನನಗೆ ಅಪರಿಚಿತವಲ್ಲವೆಂದು ತೋರಿತು. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು, ಅವರು ನಂಬಲರ್ಹರೇ ಎಂದು ಕೇಳದೆ ಒಂದು ಹದೀಸನ್ನೂ ಸ್ವೀಕರಿಸದ ಪರಂಪರೆಯವರು ನಾವು. ಇಸ್ನಾದ್ ಇಲ್ಲದ ಮಾತಿಗೆ ನಮ್ಮ ವಿದ್ವಾಂಸರು ಬೆಲೆ ಕೊಟ್ಟವರಲ್ಲ. ಹೇಳಿದವರನ್ನು ಅರಿಯುವ ಅಗತ್ಯದಿಂದಲೇ ಜೀವನಚರಿತ್ರೆಯ ಬೃಹತ್ ಕೋಶಗಳು ಹುಟ್ಟಿದವು. ಹೇಳಿದವರಲ್ಲಿ ಮಹಿಳೆಯರೂ ಇದ್ದುದರಿಂದ ಅವರ ಹೆಸರುಗಳೂ ಅಲ್ಲಿ ಸೇರಿದವು.

ಹಿಜರಿ 230ರಲ್ಲಿ ತೀರಿಕೊಂಡ ಇಬ್ನು ಸಅದ್‌ರು ತಮ್ಮ ‘ತಬಕಾತ್’ ಗ್ರಂಥದ ಕೊನೆಯ ಭಾಗವನ್ನು ಮಹಿಳೆಯರಿಗೆಂದೇ ಮೀಸಲಿಟ್ಟರು. ಹದಿನೈದನೆಯ ಶತಮಾನದ ಅಸ್ಸಖಾವಿಯವರು ತಮ್ಮ ಕಾಲದ ವ್ಯಕ್ತಿಗಳ ಕುರಿತು ಬರೆದ ಕೋಶದ ಕೊನೆಯ ಸಂಪುಟದಲ್ಲಿ 1,075 ಮಹಿಳೆಯರಿದ್ದಾರೆ. ಹಿಜರಿ ಐದನೆಯ ಶತಮಾನದ ಕರೀಮಾ ಅಲ್ ಮರ್ವಝಿಯ್ಯಾ ಮಕ್ಕಾದಲ್ಲಿ ಸಹೀಹುಲ್ ಬುಖಾರಿಯನ್ನು ಬೋಧಿಸುತ್ತಿದ್ದರು. ಖತೀಬುಲ್ ಬಗ್ದಾದಿಯಂತಹ ಮಹಾವಿದ್ವಾಂಸರು ಆಕೆಯ ಮುಂದೆ ಕುಳಿತು ಅದನ್ನು ಓದಿದರು. ನಮ್ಮ ಕಾಲದಲ್ಲಿ, ಉತ್ತರ ಪ್ರದೇಶದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಮುಹಮ್ಮದ್ ಅಕ್ರಮ್ ನದ್ವಿಯವರು ಹದೀಸ್ ವಿದುಷಿಯರ ಹೆಸರುಗಳನ್ನು ಕಲೆಹಾಕಲು ಹೊರಟಾಗ ಒಂದು ಸಣ್ಣ ಪುಸ್ತಕವಾದೀತು ಎಂದುಕೊಂಡಿದ್ದರಂತೆ. 2021ರಲ್ಲಿ ಅದು 43 ಸಂಪುಟಗಳಾಗಿ ಪ್ರಕಟವಾಯಿತು. ಸುಮಾರು 10,000 ಮಹಿಳೆಯರು! ಅವರನ್ನು ನದ್ವಿಯವರು ಸೃಷ್ಟಿಸಲಿಲ್ಲ. ಅವರ ಹೆಸರುಗಳನ್ನು ಆಯಾ ಕಾಲದವರು ಬರೆದಿಟ್ಟಿದ್ದರು, ಇವರು ಹುಡುಕಿ ತೆಗೆದರು.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಜಗತ್ತಿನ ಮೊದಲ ವಿಶ್ವವಿದ್ಯಾನಿಲಯವನ್ನು ಕಟ್ಟಿದವರು ಫಾತಿಮಾ ಅಲ್ ಫಿಹ್ರಿ ಎಂಬ ಸಂದೇಶ ಆಗಾಗ ಬರುತ್ತದೆ. ಫೆಝ್ ನಗರದ ಖರವಿಯ್ಯೀನ್ ಮಸೀದಿ 859ರಲ್ಲಿ ಆಕೆಯ ಸಂಪತ್ತಿನಿಂದ ಆರಂಭವಾಯಿತೆಂಬ ವಿವರವಿರುವುದು ನಾಲ್ಕೂವರೆ ಶತಮಾನಗಳ ತರುವಾಯ ಇಬ್ನು ಅಬೀ ಝರ್‌ಅ್ ಬರೆದ ಗ್ರಂಥದಲ್ಲಿ. ಆದುದರಿಂದಲೇ ಕೆಲವು ಇತಿಹಾಸಕಾರರು ಸಂದೇಹಿಸುತ್ತಾರೆ. ತಂಗಿಯ ಮಗಳು ಲೇಖನ ಬರೆದರೆ ಆ ಸಂದೇಹವನ್ನೂ ಬರೆಯಲೇಬೇಕು. ಅದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಸುಭದ್ರವಾದ ವರದಿಯೊಂದು ನನ್ನನ್ನು ಹೆಚ್ಚು ಕಾಡಿತು. ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ಮಹಿಳೆ ತೀರಿಕೊಂಡಾಗ ಸಹಾಬಿಗಳು ಪ್ರವಾದಿಯವರಿಗೆ(ಸ) ತಿಳಿಸದೆ ದಫನ ಮಾಡಿದರು. ಅದನ್ನು ಅವರು ಸಣ್ಣ ವಿಷಯವೆಂದು ಭಾವಿಸಿದ್ದರು. ಆಕೆ ಕಾಣದಿರುವುದನ್ನು ಗಮನಿಸಿ ವಿಚಾರಿಸಿದ ಪ್ರವಾದಿಯವರು(ಸ) ತಮಗೇಕೆ ತಿಳಿಸಲಿಲ್ಲವೆಂದು ಕೇಳಿ, ಗೋರಿಯನ್ನು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ಆಕೆಗಾಗಿ ನಮಾಝ್ ನಿರ್ವಹಿಸಿದರು. ಬುಖಾರಿಯ ವರದಿಯಲ್ಲಿ ಆಕೆಯ ಹೆಸರಿಲ್ಲ. ಗುಡಿಸುತ್ತಿದ್ದುದು ಪುರುಷನೋ ಸ್ತ್ರೀಯೋ ಎಂಬ ವರದಿಗಾರನ ಸಂಶಯವನ್ನು ಕೂಡ ಅಲ್ಲಿ ಮುಚ್ಚಿಡದೆ ದಾಖಲಿಸಲಾಗಿದೆ. ತರುವಾಯದ ವಿದ್ವಾಂಸರು ಬೇರೆ ವರದಿಗಳನ್ನು ಶೋಧಿಸಿ ‘ಉಮ್ಮು ಮಿಹ್ಜನ್’ ಎಂದು ಗುರುತಿಸಿದರು. ಅದೂ ನಿಜನಾಮವಲ್ಲ, ಮಿಹ್ಜನ್‌ನ ತಾಯಿ ಎಂದಷ್ಟೇ ಅರ್ಥ. ನಮ್ಮ ‘ಓದಿಸುವ ಅಮ್ಮ’ನಂತೆಯೇ.

ಮರುದಿನ ನಾವಿಬ್ಬರೂ ಹುಡುಕಾಟಕ್ಕೆ ಇಳಿದೆವು. ನಮ್ಮ ಕಡೆಯ ಜಮಾಅತ್ ಒಂದರ ಹಳೆಯ ಸ್ಮರಣ ಸಂಚಿಕೆ ದೊರೆಯಿತು. ನೂರಕ್ಕೂ ಹೆಚ್ಚು ಪುಟಗಳಲ್ಲಿ ದಾನಿಗಳು, ಖತೀಬರು, ಅಧ್ಯಕ್ಷರು, ಕಾರ್ಯದರ್ಶಿಗಳೆಲ್ಲ ಭಾವಚಿತ್ರಸಹಿತ ಇದ್ದರು. ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಒಂದು ಕಡೆ ‘ದಿವಂಗತರ ಧರ್ಮಪತ್ನಿಯವರು ಬಾವಿಗೆ ಜಾಗ ನೀಡಿದರು’ ಎಂದಿತ್ತು. ಜಾಗ ಆಕೆಯದು, ಹೆಸರು ಗಂಡನದು. ನಮ್ಮ ಮದುವೆಯ ಆಮಂತ್ರಣಗಳನ್ನೇ ನೋಡಿ: ಎಷ್ಟೋ ಕರೆಯೋಲೆಗಳಲ್ಲಿ ವಧು ‘ಇಂತಹವರ ಸುಪುತ್ರಿ’ ಮಾತ್ರ. ಇದನ್ನು ಲಜ್ಜೆ ಎನ್ನುವವರಿದ್ದಾರೆ. ಪ್ರವಾದಿಪತ್ನಿಯರ ಹೆಸರುಗಳನ್ನು ಮದ್ರಸದ ಪುಟ್ಟ ಮಕ್ಕಳೂ ಬಾಯಿಪಾಠ ಹೇಳುವ ಸಮುದಾಯದಲ್ಲಿ ಈ ಲಜ್ಜೆ ಎಲ್ಲಿಂದ ಬಂತೋ ನನಗೆ ತಿಳಿಯದು.

ನಮ್ಮ ಕುಂದಾಪುರದವರೇ ಆದ ವೈದೇಹಿಯವರು ಬಿ. ವಿ. ಕಾರಂತರ ಬಾಯಿಂದ ಕೇಳಿ ಅವರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಬರಹಕ್ಕಿಳಿಸಿದರು. ಒಬ್ಬ ಮಹಿಳೆ ಕುಳಿತು ಕೇಳಿದ್ದರಿಂದ ಒಬ್ಬ ಪುರುಷನ ಬದುಕು ಪುಸ್ತಕವಾಯಿತು. ಮಂಗಳೂರಿನ ‘ಅನುಪಮ’ ಮಾಸಿಕದಂತಹ ಪತ್ರಿಕೆಗಳು ನಮ್ಮ ಮಹಿಳೆಯರ ಮಾತಿಗೆ ಜಾಗ ಕೊಟ್ಟಿವೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ – ಇವರ ವಿಚಾರಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ. ಆದರೆ ಅವರು ಸ್ವತಃ ಬರೆದರು, ಅವರ ಬಗ್ಗೆ ಇತರರೂ ಬರೆದರು. ಆದುದರಿಂದ ನಾಳಿನ ಸ್ವಯಂಸೇವಕನಿಗೆ ಆಧಾರವಿದೆ. ಬರೆಯದೆ ಓದಿಸಿದವಳಿಗೆ ಆಧಾರವನ್ನು ಒದಗಿಸಬೇಕಾದವರು ಆಕೆಯಿಂದ ಓದಿದವರು. ಆ ಸಾಲಿನಲ್ಲಿ ನಾನೂ ಇದ್ದೆ, ಐವತ್ತು ವರ್ಷ ಸುಮ್ಮನಿದ್ದೆ.

ಈದ್‌ಗೆ ಮೊದಲು ಮೂರು ಪುಟಗಳನ್ನು ಬರೆದೆವು. ಪ್ರತಿಯೊಂದು ಸಂಗತಿಯ ಮುಂದೆ ಅದನ್ನು ಹೇಳಿದವರು ಯಾರು, ಅವರು ಕಂಡದ್ದೋ ಕೇಳಿದ್ದೋ ಎಂದು ನಮೂದಿಸಿದೆವು. ಎಷ್ಟು ಮಂದಿಗೆ ಓದಿಸಿದರೆಂಬ ಬಗ್ಗೆ ಒಬ್ಬರು ಇನ್ನೂರು ಎಂದರು, ಮತ್ತೊಬ್ಬರು ಐನೂರು ಎಂದರು, ಎರಡನ್ನೂ ಬರೆದೆವು. ಪುಟಗಳನ್ನು ಜಮಾಅತಿನ ಕಾರ್ಯದರ್ಶಿಯವರಿಗೆ ಒಪ್ಪಿಸಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಕೇಳಿಕೊಂಡೆ. ಭಾವಚಿತ್ರವಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಯಜಮಾನರ ಚಿತ್ರ ಹಾಕೋಣವೇ ಎಂದರು. ಅವರು ಒಳ್ಳೆಯ ಮನುಷ್ಯರು, ತಮಾಷೆಗೆ ಹೇಳಿದ್ದಲ್ಲ. ಬೇಡವೆಂದೆ.

ತಂಗಿಯ ಮಗಳು ಅಂದಿನಿಂದ ಕರೀಮಾ ಅವರ ಕುರಿತು ಕನ್ನಡದಲ್ಲಿ ಕರಡು ಸಿದ್ಧಪಡಿಸುತ್ತಿದ್ದಾಳೆ. ಆಕೆಗೆ ಆಧಾರಗಳ ಕೊರತೆಯಿಲ್ಲ.

ಎರಡು ತಿಂಗಳ ನಂತರ ಕಾರ್ಯದರ್ಶಿಯವರು ದೂರವಾಣಿ ಮಾಡಿದರು. ಅಷ್ಟರಲ್ಲಿ ಹೆಸರು ದೊರೆತಿತ್ತು. ಸಿದ್ದಾಪುರಕ್ಕೆ ಮದುವೆಯಾಗಿ ಹೋದ ಮೊಮ್ಮಗಳ ಬಳಿ ಹಳೆಯ ಕಾಗದಗಳಿದ್ದವು. ಸಂಚಿಕೆಯಲ್ಲಿ ಅಚ್ಚಾಗಲು ಒಪ್ಪಿದ ಆ ಮೊಮ್ಮಗಳು ಅಂತರ್ಜಾಲದಲ್ಲಿ ಬೇಡವೆಂದದ್ದರಿಂದ ನಾನಿಲ್ಲಿ ಬರೆಯುತ್ತಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಒಂದು ರೀತಿ, ಮತದಾರರ ಗುರುತಿನ ಚೀಟಿಯಲ್ಲಿ ಇನ್ನೊಂದು ರೀತಿ ಇದೆ, ಯಾವುದನ್ನು ಅಚ್ಚು ಹಾಕಲಿ ಎಂದು ಅವರ ಪ್ರಶ್ನೆ. ಮೊಮ್ಮಗಳ ಕಪಾಟಿನಲ್ಲಿರುವ ಮುಸ್‌ಹಫ್‌ನ ಮೊದಲ ಹಾಳೆಯಲ್ಲಿ ಓದಿಸುವ ಅಮ್ಮ ತಮ್ಮ ಕೈಯಿಂದ ಅರಬೀ ಅಕ್ಷರಗಳಲ್ಲಿ ಹೆಸರು ಬರೆದುಕೊಂಡಿದ್ದಾರೆ, ಅದರಂತೆಯೇ ಹಾಕಿ ಎಂದೆ. ಸರಿ, ಒಂದು ಫೋಟೋ ತೆಗೆದು ಕಳುಹಿಸಿ ಎಂದರು.