ಚಪ್ಪರದ ನೆರಳಿನಲ್ಲಿ ಎರಡು ದಿನ

ನಂದಿ ಬೆಟ್ಟದ ಬುಡದಲ್ಲಿ ದ್ರಾಕ್ಷಿ ಎರಡು ಬಗೆಯಾಗಿ ಕಣ್ಣಿಗೆ ಬೀಳುತ್ತದೆ. ಒಂದು, ಕಲ್ಲುಕಂಬಗಳ ಮೇಲೆ ಹಬ್ಬಿಸಿದ ಚಪ್ಪರ. ಗೊಂಚಲುಗಳು ತಲೆಯ ಮೇಲೆ ತೂಗುತ್ತವೆ. ಇನ್ನೊಂದು, ತಂತಿಗೆ ಕಟ್ಟಿ ನಿಲ್ಲಿಸಿದ ಸಾಲು. ಹಣ್ಣು ಸೊಂಟದ ಮಟ್ಟದಲ್ಲಿರುತ್ತದೆ. ಹೆಚ್ಚಾಗಿ ಮೊದಲನೆಯದು ತಿನ್ನುವ ದ್ರಾಕ್ಷಿ, ಎರಡನೆಯದು ವೈನಿನ ದ್ರಾಕ್ಷಿ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಎರಡೂ ಒಂದೇ ಹಸಿರು. ಬೈಕಿನವರಿಗೆ ಹಾಗಲ್ಲ. ಚಪ್ಪರದ ಪಕ್ಕ ಹಾದಾಗ ತಂಪು ಗಾಳಿ ತಟ್ಟನೆ ಮುಖಕ್ಕೆ ತಾಕುತ್ತದೆ. ಅಂದು ಔಷಧಿ ಹೊಡೆದಿದ್ದರೆ ಅದರ ಘಾಟೂ ತಪ್ಪದು!

ಫೆಬ್ರುವರಿಯ ಕೊನೆಯ ಶನಿವಾರ ನಾವು ನಾಲ್ವರು ಎರಡು ಬೈಕುಗಳಲ್ಲಿ ಆ ಸೀಮೆಗೆ ಹೊರಟೆವು. ಒಂದೇ ಕಾಲೇಜಿನಲ್ಲಿ ಓದಿ, ಈಗ ಬೆಂಗಳೂರಿನ ನಾಲ್ಕು ಮೂಲೆಗಳಲ್ಲಿ ಕೆಲಸಕ್ಕಿರುವವರು. ಪ್ರವಾಸಕ್ಕೆ ಕಾರಣನಾದವನು ಚಿಕ್ಕಬಳ್ಳಾಪುರದ ಕಡೆಯ ಗೆಳೆಯ. “ಈ ಬೆಳೆ ಇಳಿಸಿದ ಮೇಲೆ ನಮ್ಮ ನಾಯ್ನ ಚಪ್ಪರ ತೆಗೆಸ್ತಾರಂತೆ. ಒಂದು ಸಲ ನೋಡ್ಕೊಂಡು ಬರೋಣ ಬನ್ರೋ” ಎಂದಿದ್ದ. ಅವನ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ತಂದೆಯನ್ನು ಕರೆಯುವುದು ‘ನಾಯ್ನ’ ಎಂದೇ. ಹೋಗುವ ದಾರಿಯಲ್ಲಿ ವೈನ್ ತಯಾರಿಸುವ ಜಾಗವನ್ನೂ ನೋಡೋಣವೆಂದು ಇನ್ನೊಬ್ಬ ಸೇರಿಸಿದ.

ವೈನ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ತಂದೆಯವರು ಪತ್ರಿಕೆ ಮಡಿಸಿಟ್ಟರು. ಬೇಡ ಎನ್ನಲಿಲ್ಲ, ಷರತ್ತು ಹಾಕಿದರು. ಹಿಂದೆ ಕೂತವನಿಗೂ ಹೆಲ್ಮೆಟ್ಟು. ಕತ್ತಲಾದ ಮೇಲೆ ಗಾಡಿ ಓಡಿಸುವಂತಿಲ್ಲ. ಹ್ಯಾಂಡಲ್ ಹಿಡಿದವನು ಒಂದು ತೊಟ್ಟನ್ನೂ ಮುಟ್ಟುವಂತಿಲ್ಲ. ಮೊದಲನೆಯದು ಕರ್ನಾಟಕದಲ್ಲಿ 2016ರಿಂದ ಕಡ್ಡಾಯವಾದದ್ದೇ. ಮೂರನೆಯದರಲ್ಲಿ ಅವರು ಕಾನೂನಿಗಿಂತ ಬಿಗಿ. ಮೋಟಾರು ವಾಹನ ಕಾಯಿದೆ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿ ದಂಡ, ಇಲ್ಲವೇ ಜೈಲು. ನಮ್ಮ ತಂದೆಯವರ ಲೆಕ್ಕದಲ್ಲಿ ಮಿಲಿಗ್ರಾಂ ಎಂಬುದೇ ಇಲ್ಲ.

ಯಲಹಂಕ ದಾಟಿ ದೊಡ್ಡಬಳ್ಳಾಪುರದ ದಾರಿ ಹಿಡಿದೆವು. ನಂದಿಯ ಸೂರ್ಯೋದಯಕ್ಕೆಂದು ನಡುರಾತ್ರಿಯೇ ಎದ್ದು, ನಿದ್ದೆಗಣ್ಣಿನಲ್ಲಿ ಬಳ್ಳಾರಿ ರಸ್ತೆಯಲ್ಲಿ ಹಾರುವವರ ಗುಂಪು ನಮ್ಮದಲ್ಲ. ಸೂರ್ಯ ಎಲ್ಲೂ ಓಡಿಹೋಗುವುದಿಲ್ಲ. ಏಳು ಗಂಟೆಗೆ ಹೊರಟು, ಇಡ್ಲಿ ತಿಂದು, ಹತ್ತೂವರೆಗೆ ರಘುನಾಥಪುರ ಸೇರಿದೆವು.

ಇಲ್ಲಿನ ತೋಟದ ಕತೆ ಸ್ವಾರಸ್ಯದ್ದು. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ, ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ಫ್ರೆಂಚ್ ತಳಿಗಳನ್ನು ತಂದು ಈ ಮಣ್ಣಿನಲ್ಲಿ ಊರಿಸಿದರು. 2012ರಲ್ಲಿ ನಾಸಿಕದ ಕಂಪನಿಯೊಂದು ಜತೆಗೂಡಿ ಗ್ರೋವರ್ ಜಂಪಾ ಎಂದಾಯಿತು. ಈ ಜಾಗವೇ ಏಕೆ? ಸುಮಾರು 900 ಮೀಟರ್ ಎತ್ತರದ ನೆಲ. ಹಗಲು ಬಿಸಿಲು, ರಾತ್ರಿ ತಂಪು. ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ತುಂಬಿದರೆ, ತಂಪಿಗೆ ಹುಳಿ ಉಳಿಯುತ್ತದೆ. ಎರಡೂ ಇಲ್ಲದೆ ವೈನ್ ಸಪ್ಪೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ! ಆದ್ದರಿಂದ ವರ್ಷಕ್ಕೆರಡು ಬಾರಿ ಕತ್ತರಿ ಹಾಕುತ್ತಾರೆ: ಫಸಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬೆಳೆಸಲು, ಮಳೆ ಇಳಿಯುವ ಹೊತ್ತಿಗೆ ಇನ್ನೊಮ್ಮೆ ಹೂವು ಬರಿಸಲು.

ಒಳಗೆ ಉಕ್ಕಿನ ದೊಡ್ಡ ಟ್ಯಾಂಕುಗಳು, ಅದರಾಚೆ ಓಕ್ ಮರದ ಪೀಪಾಯಿಗಳು. ಹೈಸ್ಕೂಲಿನ ರಸಾಯನ ಪಾಠವೇ ಅಲ್ಲಿ ನಡೆಯುತ್ತಿರುತ್ತದೆ: ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಕಪ್ಪು ದ್ರಾಕ್ಷಿಯ ರಸ ಬಹುಪಾಲು ಬಣ್ಣವಿಲ್ಲದ್ದು ಎಂಬುದು ನನಗೆ ಹೊಸ ಸಂಗತಿ. ಕೆಂಪು ಬರುವುದು ಸಿಪ್ಪೆಯಿಂದ. ಸಿಪ್ಪೆಯ ಜತೆ ಕೊಳೆಸಿದರೆ ಕೆಂಪು ವೈನ್, ಸಿಪ್ಪೆ ಬೇರ್ಪಡಿಸಿದರೆ ಕಪ್ಪು ಹಣ್ಣಿನಿಂದಲೂ ಬಿಳಿ ವೈನ್. ರುಚಿ ನೋಡುವ ಮೇಜಿಗೆ ಹಿಂದೆ ಕೂತು ಬಂದಿದ್ದ ಇಬ್ಬರು ಹೋದರು. ಗಾಡಿ ಓಡಿಸುವ ನಾವಿಬ್ಬರು ಸೋಡಾ ಹಿಡಿದು ಕೂತೆವು. ಲೋಟ ತಿರುಗಿಸಬೇಕು, ಮೂಸಬೇಕು, ಆಮೇಲೆ ಗುಟುಕು. ಪರಿಣತರು ಉಗಿದೇಬಿಡುತ್ತಾರಂತೆ. ನಮ್ಮ ಬೀದಿಯ ‘ವೈನ್ಸ್’ ಅಂಗಡಿಯಲ್ಲಿ ವೈನೊಂದನ್ನು ಬಿಟ್ಟು ಮಿಕ್ಕೆಲ್ಲವೂ ಖರ್ಚಾಗುವುದನ್ನು ಕಂಡ ನನಗೆ ಈ ಶಾಸ್ತ್ರ ತಮಾಷೆಯಾಗಿಯೇ ಕಂಡಿತು.

ಸಂಜೆಗೆ ಮೊದಲೇ ಗೆಳೆಯನ ಊರು. ಅವನ ತಂದೆ, ಅಂದರೆ ನಮ್ಮೆಲ್ಲರಿಗೂ ಯಜಮಾನರು, ಚಪ್ಪರದಡಿ ಗೊಂಚಲು ಕತ್ತರಿಸಿ ಕ್ರೇಟಿಗೆ ತುಂಬುತ್ತಿದ್ದರು. “ಬನ್ರಪ್ಪಾ, ಮೊದಲು ಹಣ್ಣು ತಿನ್ನಿ” ಎಂದರು. ಬೆಂಗಳೂರು ಬ್ಲೂ! ಒತ್ತಿದರೆ ತಿರುಳು ಜಾರಿ ಬಾಯಿಗೆ ಬಿದ್ದು ಸಿಪ್ಪೆ ಬೆರಳಲ್ಲೇ ಉಳಿಯುವ, ನಾಲಿಗೆಯನ್ನು ನೀಲಿ ಮಾಡುವ ದ್ರಾಕ್ಷಿ. ನೂರೈವತ್ತು ವರ್ಷಗಳಿಂದ ಈ ಭಾಗದಲ್ಲಿ ಬೆಳೆಯುತ್ತಿರುವ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಬೆಳಿಗ್ಗೆ ಮೇಜಿನ ಮೇಲೆ ಲೋಟ ತಿರುಗಿಸಿದ ಗೆಳೆಯನಿಗೆ ಅಲ್ಲೇ ಉತ್ಸಾಹ ಬಂತು. “ಯಜಮಾನ್ರೇ, ನೀವೂ ವೈನಿನ ತಳಿ ಹಾಕಬಹುದಲ್ಲ?” ಎಂದುಬಿಟ್ಟ.

ಅವರು ಕತ್ತರಿ ಕೆಳಗಿಡಲಿಲ್ಲ. “ಬಳ್ಳಿ ಬದಲಾಯಿಸೋಕೆ ದುಡ್ಡು ಬೇಕು. ಸರಿಯಾಗಿ ಫಲ ಬರೋಕೆ ಮೂರು ವರ್ಷ ಬೇಕು. ಅಲ್ಲೀವರೆಗೂ ಮನೇಲಿ ಏನು ಬೇಯಿಸೋದು? ಸರಿ, ಬಂತು ಅಂತಿಟ್ಕೊಳ್ಳಿ. ಈ ಹಣ್ಣನ್ನ ಒಬ್ಬ ಬೇಡ ಅಂದ್ರೆ ಮಂಡಿಗೆ ಹಾಕ್ತೀನಿ, ಜ್ಯೂಸಿನೋನಿಗೆ ಕೊಡ್ತೀನಿ, ರೋಡಲ್ಲಿ ತಕ್ಕಡಿ ಇಟ್ಕೊಂಡು ಕೂತ್ಕೋತೀನಿ. ಆ ಹಣ್ಣು ಬೀಜ ಜಾಸ್ತಿ, ಗಾತ್ರ ಚಿಕ್ಕದು, ತಿನ್ನೋರು ಯಾರು? ತಗೊಳ್ಳೋನು ಒಬ್ಬನೇ. ಅವನು ಬೇಡ ಅಂದ್ರೆ?”

ಎಂ.ಬಿ.ಎ. ಓದಿದ ನಮ್ಮ ಗೆಳೆಯ ಸುಮ್ಮನಾದ. ಓದಿನಲ್ಲಿ ಅವನಿಗೆ ಒಂದು ಅಧ್ಯಾಯವೇ ಇದ್ದ ವಿಷಯವಂತೆ ಅದು.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಊಟದ ಮೇಲೆ ಮಾತು ಬೆಳೆಯಿತು. ಮೂರನೆಯ ಕೊಳವೆ ಬಾವಿಯನ್ನು 1,300 ಅಡಿ ಕೊರೆಸಿದ್ದಾರೆ; ಈಗ ಗಂಟೆಗೊಮ್ಮೆ ನಿಂತು ನಿಂತು ನೀರು ಬರುತ್ತದೆ. ಈ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಸಂಸ್ಕರಿಸಿದ ನೀರು ಕೆಲವು ಕೆರೆಗಳಿಗೆ ಬಂದಿದೆ, ಇವರ ಊರ ಕೆರೆಗೆ ಬಂದಿಲ್ಲ. 2020ರ ಲಾಕ್‌ಡೌನಿನಲ್ಲಿ ಕಿಲೋಗೆ ಐದು ರೂಪಾಯಿಗೂ ಕೇಳುವವರಿಲ್ಲದೆ ಹಣ್ಣು ಬಳ್ಳಿಯಲ್ಲೇ ಒಣಗಿತ್ತು. 2008ರಲ್ಲಿ ದೇವನಹಳ್ಳಿಗೆ ವಿಮಾನ ಬಂದ ಮೇಲೆ ಸೈಟಿನ ದಲ್ಲಾಳಿಗಳು ವಾರಕ್ಕೊಬ್ಬರು. ಯಜಮಾನರು ನೆಲ ಮಾರುವವರಲ್ಲ. ಚಪ್ಪರ ತೆಗೆದು ಸೇವಂತಿಗೆ ಹಾಕುವುದು ಅವರ ಲೆಕ್ಕ. ನಾಲ್ಕೈದು ತಿಂಗಳಿಗೆ ಕೈಗೆ ಕಾಸು.

ಒಪ್ಪದವರು ಅಮ್ಮ. “ಇವನು ಹುಟ್ಟಿದ ವರ್ಷ ನೆಟ್ಟ ಬಳ್ಳಿ. ಇಸ್ಕೂಲ್ ಫೀಸು, ಕಾಲೇಜ್ ಫೀಸು, ಹಾಸ್ಟಲು, ಎಲ್ಲಾ ಅದೇ ಕೊಟ್ಟಿರೋದು” ಎಂದು ಒಳಗಿನಿಂದಲೇ ಹೇಳಿದರು. ಗೆಳೆಯ ಮಾತನಾಡದೆ ಎದ್ದು ಹೊರಗೆ ಹೋದ. ನಾನು ಹಿಂದೆ ಹೋಗಿ ನೋಡಿದರೆ, ಮೊಬೈಲಿನ ಬೆಳಕಿನಲ್ಲಿ ಕಂಬ ಎಣಿಸುತ್ತಿದ್ದ.

ಭಾನುವಾರ ಬೆಳಿಗ್ಗೆ ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆವು. ಬೆಟ್ಟದಷ್ಟು ಜನ ಇಲ್ಲಿಗೆ ಬರುವುದಿಲ್ಲ, ನಷ್ಟ ಅವರದು. 1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ಹತ್ತಿರವೇ. ಇಂಜಿನಿಯರುಗಳಾದ ನಾವು ಅಲ್ಲಿ ಕೈಮುಗಿಯದೆ ಹೋಗುವುದುಂಟೆ?

ಬೆಟ್ಟದ ತುದಿ 1,478 ಮೀಟರ್. ಮಂಜು ಕರಗಿದ ಮೇಲೆ ಕೆಳಗಿನ ಬಯಲು ಚೌಕಚೌಕವಾಗಿ ಕಂಡಿತು. ಹಸಿರು ಚೌಕವೆಂದರೆ ಚಪ್ಪರ. ಸೈಟ್ ಕಲ್ಲು ನೆಟ್ಟ ಕೆಂಪು ಚೌಕವೆಂದರೆ ಲೇಔಟು. ಗೆಳೆಯ ತನ್ನ ತೋಟವನ್ನು ಬೆರಳಿಟ್ಟು ತೋರಿಸಿದ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಬಂದೆವು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ, ಎಂಜಿನ್ ಆರಿಸಿ ಜಾರುವ ಹುಡುಗರು ನಮ್ಮನ್ನು ಹಿಂದೆ ಹಾಕಿ ನಕ್ಕರು. ಅಷ್ಟು ಇಳಿಜಾರಿನಲ್ಲಿ ಬ್ರೇಕೊಂದನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ ಎಂಬುದನ್ನು ಅವರಿಗೆ ಮನೆಯಲ್ಲಿ ಯಾರಾದರೂ ಹೇಳಬಾರದೆ?

ಮಧ್ಯಾಹ್ನ ಊಟಕ್ಕೆ ಮತ್ತೆ ಗೆಳೆಯನ ಮನೆ. ಎಲೆಯ ಮುಂದೆ ಕೂತು ಅವನು ಕೇಳಿದ: “ನಾಯ್ನಾ, ಮನೆ ಮುಂದಿನ ಹನ್ನೆರಡು ಕಂಬ ಬಿಡಬಹುದಾ?”

“ಬಿಡಬಹುದು. ಕತ್ತರಿ ಹಾಕೋರು ಯಾರು? ನನ್ನ ಕೈಲಿ ಎರಡೆರಡು ಬೆಳೆ ಆಗಲ್ಲ.”

“ನಾನೇ ಬರ್ತೀನಿ.”

“ಆಫೀಸು?”

“ಭಾನುವಾರ.”

ಯಜಮಾನರು ಮಜ್ಜಿಗೆ ಕುಡಿದು ಕೈ ತೊಳೆದರು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಾವು ಹೊರಟಾಗ ಒಂದು ಕ್ರೇಟ್ ಹಣ್ಣನ್ನು ಗಾಡಿಯ ಹಿಂದೆ ತಾವೇ ಹಗ್ಗ ಬಿಗಿದು ಕಟ್ಟಿದರು. ಕತ್ತಲಿಗೆ ಮುಂಚೆ ಹೆಬ್ಬಾಳ ದಾಟಿದೆವು.

ಏಪ್ರಿಲಿನಲ್ಲಿ ಗೆಳೆಯ ಎರಡು ಭಾನುವಾರ ಊರಿಗೆ ಹೋಗಿ ಬಂದ. ಬೆರಳಿನ ತುಂಬ ಬೊಬ್ಬೆ. ಉಳಿದ ನೆಲದಲ್ಲಿ ಸೇವಂತಿಗೆ ಸಸಿ ಕೂತಿದೆ. ಹನ್ನೆರಡು ಕಂಬದ ಚಪ್ಪರದಲ್ಲಿ ಹೊಸ ಚಿಗುರು ಬಂದಿದೆಯೆಂದು ಅಮ್ಮ ಫೋನು ಮಾಡಿ ಹೇಳಿದರಂತೆ. ಯಜಮಾನರು ಆ ಕಡೆಗೆ ಹೋಗುವುದಿಲ್ಲವಂತೆ, ಆದರೆ ಸಂಜೆ ಅರ್ಧ ಗಂಟೆ ನೀರು ಬಿಡುತ್ತಾರಂತೆ.